ನ್ಯೂಯಾರ್ಕಿನ ರೈಲು ಸುರಂಗಗಳಿಗೆ ನೀರು ನುಗ್ಗಿದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಪೂರ್ವ ಕರಾವಳಿಯಲ್ಲಿ ಚಂಡಮಾರುತದ ಸುದ್ದಿ ಬಂದಾಗಲೆಲ್ಲ ಹಳೆಯ ಫೋಟೊಗಳು, ಹಳೆಯ ಕಥೆಗಳು ಮತ್ತೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಅವುಗಳಲ್ಲಿ 2001ರ ಸೆಪ್ಟೆಂಬರ್ 11ರ ದಾಳಿ ಮತ್ತು 2012ರ ಅಕ್ಟೋಬರ್ 29ರ ಸ್ಯಾಂಡಿ ಚಂಡಮಾರುತ ಒಂದರೊಳಗೊಂದು ಕಲೆತುಹೋಗಿವೆ. ನ್ಯೂಯಾರ್ಕಿನ ಪಕ್ಕದ ನ್ಯೂಜೆರ್ಸಿ ರಾಜ್ಯದ ಜರ್ಸಿ ಸಿಟಿ, ಎಡಿಸನ್ ಕಡೆಯ ಕನ್ನಡ ಮನೆಗಳ ಮಾತುಕತೆಯಲ್ಲಿ, ಊರಿನಿಂದ ಬರುವ ಕರೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು, ಉತ್ತರ ಅಲ್ಲೇ ಪೂರ್ತಿ ಸಿಗುತ್ತದೆ.

## ಮೊದಲು ತಿಳಿಯಬೇಕಾದ್ದು

ನ್ಯೂಯಾರ್ಕಲ್ಲಿ ರೈಲು ಸುರಂಗ ನಿಜವಾಗ್ಲೂ ಮುಳುಗಿತ್ತಾ, ಇಲ್ಲಾ ಅದೂ ವಾಟ್ಸಾಪ್ ಕಥೆನಾ?

ನಿಜವಾಗಿಯೂ ಮುಳುಗಿತ್ತು. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ನ್ಯೂಜೆರ್ಸಿಯ ತೀರಕ್ಕೆ ಅಪ್ಪಳಿಸಿತು. ಅವತ್ತು ಹುಣ್ಣಿಮೆ. ಸಮುದ್ರದ ಉಬ್ಬರ ಏರುವ ಹೊತ್ತಿಗೇ ಬಿರುಗಾಳಿ ನೀರನ್ನು ಬಂದರಿನೊಳಗೆ ತಳ್ಳಿತು. ಮ್ಯಾನ್‌ಹಟನ್‌ನ ದಕ್ಷಿಣ ತುದಿಯ ಬ್ಯಾಟರಿ ಎಂಬಲ್ಲಿರುವ ಅಳತೆ ಕೇಂದ್ರದಲ್ಲಿ ನೀರು ಇಳಿತದ ಮಟ್ಟಕ್ಕಿಂತ ಸುಮಾರು 14 ಅಡಿ ಮೇಲೇರಿತ್ತು. ಅದಕ್ಕೆ ಮೊದಲಿನ ದಾಖಲೆ 1960ರ ಡೋನಾ ಚಂಡಮಾರುತದ್ದು, ಸುಮಾರು 10 ಅಡಿ. ನ್ಯೂಯಾರ್ಕಿನ ಸಬ್‌ವೇ, ಅಂದರೆ ನೆಲದಡಿಯ ಮೆಟ್ರೊ ರೈಲು, ಶುರುವಾದದ್ದು 1904ರ ಅಕ್ಟೋಬರ್ 27ರಂದು. 108 ವರ್ಷ ತುಂಬಿದ ಎರಡೇ ದಿನಕ್ಕೆ ಅದು ತನ್ನ ಚರಿತ್ರೆಯಲ್ಲೇ ಕಾಣದಷ್ಟು ನೀರು ಕಂಡಿತು.

2001ರಲ್ಲೂ ಒಂದು ಸುರಂಗದಲ್ಲಿ ನೀರು ತುಂಬಿತ್ತು. ಆದರೆ ಆ ಸುರಂಗವೂ ಬೇರೆ, ನೀರು ಬಂದ ಕಾರಣವೂ ಬೇರೆ. ಅದರ ಪ್ರಶ್ನೆಗಳು ಕೆಳಗೆ ಪ್ರತ್ಯೇಕವಾಗಿವೆ.

ಸ್ಯಾಂಡಿ ರಾತ್ರಿ ರೈಲಿನೊಳಗೆ ಸಿಕ್ಕಿಹಾಕಿಕೊಂಡು ಜನ ಸತ್ತರಂತೆ, ಹೌದಾ?

ಇಲ್ಲ. ಸುರಂಗಗಳು ಮುಳುಗಿದಾಗ ಒಳಗೆ ಒಬ್ಬ ಪ್ರಯಾಣಿಕರೂ ಇರಲಿಲ್ಲ. ಸಬ್‌ವೇ ನಡೆಸುವ ಎಂಟಿಎ ಸಂಸ್ಥೆ ಹಿಂದಿನ ದಿನ, ಅಂದರೆ ಅಕ್ಟೋಬರ್ 28ರ ಭಾನುವಾರ ಸಂಜೆ 7 ಗಂಟೆಗೇ ಸೇವೆ ನಿಲ್ಲಿಸಲು ಶುರುಮಾಡಿ, ರೈಲುಗಳನ್ನು ಎತ್ತರದ ಜಾಗಗಳಿಗೆ ಸಾಗಿಸಿತ್ತು. ಹಡ್ಸನ್ ನದಿಯಡಿಯಲ್ಲಿ ನ್ಯೂಜೆರ್ಸಿಗೂ ಮ್ಯಾನ್‌ಹಟನ್‌ಗೂ ನಡುವೆ ಓಡುವ ಪಾತ್ ಎಂಬ ರೈಲು ಅದೇ ಮಧ್ಯರಾತ್ರಿ ನಿಂತಿತು. ನೀರು ನುಗ್ಗಿದ್ದು ಸೋಮವಾರ ರಾತ್ರಿ.

ಆ ಚಂಡಮಾರುತಕ್ಕೆ ನ್ಯೂಯಾರ್ಕ್ ನಗರದಲ್ಲೇ 40ಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ಹೆಚ್ಚಿನವರು ಸತ್ತದ್ದು ಸ್ಟೇಟನ್ ಐಲ್ಯಾಂಡ್‌ನ ತಗ್ಗು ಪ್ರದೇಶದಲ್ಲಿ. ಮನೆಗಳಲ್ಲಿ, ನೆಲಮಾಳಿಗೆಗಳಲ್ಲಿ ಜನ ಮುಳುಗಿ ಸತ್ತರು. ರೈಲಿನ ಸುಳ್ಳುಸುದ್ದಿ ಆ ನಿಜವಾದ ಸಾವುಗಳನ್ನು ಮರೆಸಿಬಿಡುತ್ತದೆ ಎಂಬುದೇ ನನಗೆ ಹೆಚ್ಚು ನೋವು ಕೊಡುವ ವಿಷಯ.

ನದಿ ತಳ ಒಡೆದು ಸುರಂಗದೊಳಕ್ಕೆ ನೀರು ಬಂತು ಅಂತಾರೆ. ಅಷ್ಟು ಹಳೇ ಸುರಂಗ, ಒಡೆದಿರಬಹುದಲ್ವಾ?

ಒಡೆಯಲಿಲ್ಲ. ನೀರು ಬಂದದ್ದು ಮೇಲಿನ ರಸ್ತೆಯಿಂದ. ನಿಲ್ದಾಣದ ಮೆಟ್ಟಿಲುಗಳಿಂದ, ಫುಟ್‌ಪಾತಿನಲ್ಲಿರುವ ಗಾಳಿಕಿಂಡಿಯ ಕಬ್ಬಿಣದ ಜಾಲರಿಗಳಿಂದ, ಲಿಫ್ಟ್ ಗುಂಡಿಗಳಿಂದ, ತುರ್ತು ನಿರ್ಗಮನದ ಮುಚ್ಚಳಗಳಿಂದ, ಕೇಬಲ್ ಹಾದುಹೋಗುವ ಕೊಳವೆಗಳಿಂದ ಅದು ಒಳಗಿಳಿಯಿತು. ನದಿಯ ಅಡಿಯ ಭಾಗ ಇಡೀ ಮಾರ್ಗದಲ್ಲೇ ತಗ್ಗಾದ್ದರಿಂದ ಎಲ್ಲಿ ಸುರಿದ ನೀರಾದರೂ ಕೊನೆಗೆ ಅಲ್ಲಿಗೇ ಹೋಗಿ ನಿಲ್ಲುತ್ತದೆ. ‘ನದಿ ಅಡಿಯ ಸುರಂಗ ತುಂಬಿತು’ ಎಂದು ಕೇಳಿದವರಿಗೆ ನದಿಯೇ ತೂತು ಕೊರೆದು ಬಂತು ಅನ್ನಿಸುವುದು ಸಹಜ. ಆದರೆ ಮ್ಯಾನ್‌ಹಟನ್ ಮತ್ತು ಬ್ರೂಕ್ಲಿನ್ ನಡುವಿನ ಈಸ್ಟ್ ನದಿಯ ಅಡಿಯ ಮೊದಲ ಸಬ್‌ವೇ ಸುರಂಗ, 1908ರ ಜೊರಾಲೆಮನ್, ತುಂಬಿದ ಕೆಲವೇ ದಿನಕ್ಕೆ ಮತ್ತೆ ರೈಲು ಓಡಿಸಿತು. ಗೋಡೆ ಒಡೆದಿದ್ದರೆ ಅದು ಆಗುವ ಮಾತಲ್ಲ.

ನೀರು ತುಂಬಿದ ಎಸ್ಕಲೇಟರ್ ಹತ್ರ ಶಾರ್ಕ್ ಈಜ್ತಾ ಇರೋ ಫೋಟೊ ನಿಜವೇ? ನಮ್ಮ ಮೇಷ್ಟ್ರೇ ಕಳಿಸಿದ್ದಾರೆ.

ಅದು ಕೃತಕವಾಗಿ ಜೋಡಿಸಿದ ಚಿತ್ರ. ಸ್ಯಾಂಡಿ ಬರುವ ಮೊದಲೇ ಅದು ಕುವೈತಿನಲ್ಲಿ ಮೀನಿನ ತೊಟ್ಟಿ ಒಡೆದ ದೃಶ್ಯ ಎಂಬ ಹೆಸರಿನಲ್ಲಿ ಹರಿದಾಡಿತ್ತು. ಆಮೇಲೆ ನ್ಯೂಯಾರ್ಕಿನದಾಯಿತು, ಮುಂದೆ ಬೇರೆ ಊರುಗಳದ್ದೂ ಆಯಿತು. ಒಂದೇ ಚಿತ್ರಕ್ಕೆ ಎರಡು ಊರಿನ ಹೆಸರು ಸಿಕ್ಕರೆ ಅದನ್ನು ಅಲ್ಲಿಗೇ ಬಿಡಬಹುದು. ಮೇಷ್ಟ್ರಿಗೂ ಇದನ್ನು ಗೌರವದಿಂದ ತಿಳಿಸಿ. ಅವರು ಕಳಿಸಿದರೆ ನಂಬುವವರು ಹೆಚ್ಚು, ಅವರೇ ತಿದ್ದಿದರೂ ನಂಬುತ್ತಾರೆ.

ಲಿಫ್ಟ್ ಬಾಗಿಲ ಸಂದಿಯಿಂದ ನೀರು ಚಿಮ್ಮಿ ಬರೋ ಫೋಟೊ ಕೂಡ ಎಡಿಟ್ ಮಾಡಿದ್ದೇ ತಾನೆ?

ಅದು ಅಪ್ಪಟ ನಿಜ. ನ್ಯೂಜೆರ್ಸಿಯ ಹೋಬೋಕೆನ್‌ನ ಪಾತ್ ನಿಲ್ದಾಣದ ಸಿಸಿಟಿವಿ ಕ್ಯಾಮೆರಾ ಸ್ಯಾಂಡಿ ರಾತ್ರಿ ಸೆರೆಹಿಡಿದದ್ದು. ಪಾತ್ ನಡೆಸುವ ಪೋರ್ಟ್ ಅಥಾರಿಟಿಯೇ ಅದನ್ನು ಹೊರಗೆ ಬಿಟ್ಟಿತು. ಹೋಬೋಕೆನ್‌ಗೆ ಪಾತ್ ರೈಲು ಮತ್ತೆ ಬಂದದ್ದು ಡಿಸೆಂಬರ್ 19ಕ್ಕೆ.

ಇನ್ನೊಂದು ಚಿತ್ರದ ಬಗ್ಗೆಯೂ ಹಲವರು ಕೇಳಿದ್ದಾರೆ: ಬಿಸಿಲಿರುವ ದಿನ ಸಬ್‌ವೇ ಮೆಟ್ಟಿಲುಗಳ ಮೇಲಿನ ಅಂಚಿನವರೆಗೂ ನೀರು ತುಂಬಿ ನಿಂತಿರುತ್ತದೆ, ಸುತ್ತಲಿನ ರಸ್ತೆಯೆಲ್ಲ ಒಣಗಿರುತ್ತದೆ. ಅದೂ ನಿಜ. 2019ರ ನವೆಂಬರ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ‘ಜಿ’ ಎಂಬ ಹೆಸರಿನ ಸಬ್‌ವೇ ಮಾರ್ಗದ ಬ್ರಾಡ್‌ವೇ ನಿಲ್ದಾಣದ ಬಾಗಿಲಿಗೆ ಹೊಸದಾಗಿ ಅಳವಡಿಸಿದ ನೀರುತಡೆ ಪರದೆಯನ್ನು ಪರೀಕ್ಷಿಸಲು ಸಿಬ್ಬಂದಿಯೇ ನೀರು ತುಂಬಿಸಿದ್ದರು. ಕಣ್ಣಿಗೆ ಸುಳ್ಳಿನಂತೆ ಕಂಡದ್ದೆಲ್ಲ ಸುಳ್ಳಲ್ಲ. ಹಾಗಾಗಿ ಯಾವ ಚಿತ್ರವನ್ನಾದರೂ ಬರೀ ನೋಟದಿಂದ ತೀರ್ಮಾನಿಸಬೇಡಿ.

## 2001ರ ಸೆಪ್ಟೆಂಬರ್ 11ರ ಬಗ್ಗೆ

ಅವಳಿ ಗೋಪುರ ಬಿದ್ದಾಗ ಅದರ ಕೆಳಗೆ ಒಂದು ರೈಲು ಜನರ ಸಮೇತ ಹೂತುಹೋಯ್ತಂತಲ್ಲ?

ರೈಲು ಹೂತುಹೋದದ್ದು ನಿಜ. ಜನರಿದ್ದರು ಎಂಬುದು ಸುಳ್ಳು.

ಅವಳಿ ಗೋಪುರಗಳಿದ್ದ ವರ್ಲ್ಡ್ ಟ್ರೇಡ್ ಸೆಂಟರ್‌ನ ನೆಲದಡಿಯಲ್ಲಿ ಪಾತ್ ರೈಲಿನ ಕೊನೆಯ ನಿಲ್ದಾಣವಿತ್ತು. ಮೊದಲ ವಿಮಾನ ಬಡಿದದ್ದು ಬೆಳಿಗ್ಗೆ 8:46ಕ್ಕೆ. ಕೆಲವೇ ನಿಮಿಷಗಳಲ್ಲಿ ಪಾತ್ ನಿಯಂತ್ರಕರು ಅಲ್ಲಿಗೆ ಬರುವ ರೈಲುಗಳಿಂದ ಯಾರನ್ನೂ ಇಳಿಸಬಾರದೆಂದು ಸೂಚನೆ ಕೊಟ್ಟರು. ಒಳಗೆ ಬಂದಿದ್ದ ರೈಲು ಪ್ಲಾಟ್‌ಫಾರಂನಲ್ಲಿದ್ದವರನ್ನೂ ಹತ್ತಿಸಿಕೊಂಡು ನ್ಯೂಜೆರ್ಸಿಗೆ ಮರಳಿತು. ಆಮೇಲೆ ಇನ್ನೊಂದು ಖಾಲಿ ರೈಲನ್ನು ಕಳಿಸಿ ಉಳಿದಿದ್ದ ಪಾತ್ ಸಿಬ್ಬಂದಿಯನ್ನೂ ನಿಲ್ದಾಣದಲ್ಲಿದ್ದ ಒಬ್ಬ ಮನೆಯಿಲ್ಲದ ವ್ಯಕ್ತಿಯನ್ನೂ ಕರೆದೊಯ್ದರು. ಸಾವಿರಾರು ಜನ ಆ ಕೆಲವು ನಿಮಿಷಗಳ ನಿರ್ಧಾರದಿಂದ ಉಳಿದರು. ಇದಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಇನ್ನೂ ಸಂದಿಲ್ಲ ಎಂದು ನನಗನ್ನಿಸುತ್ತದೆ.

ಗೋಪುರಗಳು ಕುಸಿದಾಗ ಕೆಳಗೆ ನಿಂತಿದ್ದದ್ದು ಖಾಲಿ ರೈಲು. ಅದರ ಕೆಲವು ಬೋಗಿಗಳು ಜಜ್ಜಿಹೋದವು, ಕೆಲವು ಉಳಿದವು. ಉಳಿದವುಗಳಲ್ಲಿ 143 ಮತ್ತು 745ನೇ ಸಂಖ್ಯೆಯವು ಇಂದು ಟ್ರಾಲಿ ವಸ್ತುಸಂಗ್ರಹಾಲಯಗಳಲ್ಲಿವೆ. ಅಗೆಯುವಾಗ ಸಿಕ್ಕ ಬೋಗಿಗಳ ಫೋಟೊ ನೋಡಿದವರೇ ಜನರಿದ್ದ ಕಥೆಯನ್ನು ಅದಕ್ಕೆ ಸೇರಿಸಿರಬೇಕು.

ಅವತ್ತು ಹಡ್ಸನ್ ನದಿಯೇ ಒಳಗೆ ನುಗ್ಗಿತು ಅಂತ ಟಿವಿಲೇ ಹೇಳಿದ್ದ ನೆನಪು. ನುಗ್ಗಿತ್ತೋ ಇಲ್ವೋ?

ನುಗ್ಗಲಿಲ್ಲ. ಆದರೆ ನುಗ್ಗುವ ಭಯ ನಿಜವಾಗಿತ್ತು, ಟಿವಿಯಲ್ಲಿ ನೀವು ಕೇಳಿದ್ದು ಬಹುಶಃ ಆ ಭಯವನ್ನೇ.

ಗೋಪುರಗಳ ಅಡಿಪಾಯದ ಸುತ್ತ ಸುಮಾರು 3 ಅಡಿ ದಪ್ಪ, 70 ಅಡಿ ಆಳದ ಕಾಂಕ್ರೀಟ್ ಗೋಡೆಯಿದೆ. ಸ್ಲರಿ ಗೋಡೆ ಎನ್ನುತ್ತಾರೆ. ಪಕ್ಕದ ಹಡ್ಸನ್ ನದಿಯ ನೀರು ನೆಲದೊಳಗಿಂದ ಬಸಿಯದಂತೆ ತಡೆಯುವುದು ಅದರ ಕೆಲಸ. ನೀರನ್ನು ಹೊರಗಿಡುವ ಈ ಗುಂಡಿಗೆ ಎಂಜಿನಿಯರುಗಳು ಇಟ್ಟ ಹೆಸರು ಬಾತ್‌ಟಬ್. ಒಳಗಿನ ನೆಲಮಾಳಿಗೆಯ ಮಹಡಿಗಳು ಕುಸಿದಾಗ ಗೋಡೆಗಿದ್ದ ಆಸರೆ ಹೋಯಿತು. ದಕ್ಷಿಣಕ್ಕೆ ಲಿಬರ್ಟಿ ಬೀದಿಯ ಕಡೆಯ ಭಾಗ ಹಲವು ಇಂಚು ಒಳಕ್ಕೆ ಸರಿಯಿತು. ಕೂಡಲೇ ಮಣ್ಣು ತುಂಬಿ, ಗೋಡೆಯನ್ನು ಉಕ್ಕಿನ ಎಳೆಗಳಿಂದ ಆಳದ ಬಂಡೆಗೆ ಬಿಗಿದು ಅದನ್ನು ಹಿಡಿದು ನಿಲ್ಲಿಸಿದರು. ಗೋಡೆ ಉಳಿಯಿತು.

ಹಾಗಾದರೆ ಸುರಂಗದಲ್ಲಿ ನೀರು ಎಲ್ಲಿಂದ ಬಂತು? ಒಡೆದ ನೀರಿನ ದೊಡ್ಡ ಪೈಪುಗಳಿಂದ ಮತ್ತು ಬೆಂಕಿ ನಂದಿಸಲು ಹಗಲುರಾತ್ರಿ ಸುರಿದ ನೀರಿನಿಂದ. ಅದು ಪಾತ್ ಸುರಂಗಗಳ ಇಳಿಜಾರಿನಲ್ಲಿ ಹರಿದು ನದಿಯಾಚೆ ಜರ್ಸಿ ಸಿಟಿಯ ಎಕ್ಸ್‌ಚೇಂಜ್ ಪ್ಲೇಸ್ ನಿಲ್ದಾಣವನ್ನು ತಲುಪಿತು. ಆ ನಿಲ್ದಾಣ ಮತ್ತೆ ತೆರೆದದ್ದು 2003ರ ಜೂನ್ 29ಕ್ಕೆ.

ಆ ಸುರಂಗಕ್ಕೆ ಕಾಂಕ್ರೀಟ್ ತುಂಬಿ ಮುಚ್ಚಿಬಿಟ್ರು. ಒಳಗೆ ಏನೋ ಇತ್ತು ಅನ್ನೋದಕ್ಕೆ ಅದೇ ಸಾಕ್ಷಿಯಲ್ವಾ?

ಕಾಂಕ್ರೀಟ್ ಅಡ್ಡಗೋಡೆ ಹಾಕಿದ್ದು ನಿಜ, ಎಕ್ಸ್‌ಚೇಂಜ್ ಪ್ಲೇಸ್ ಕಡೆಯ ತುದಿಯಲ್ಲಿ. ಕಾರಣ ಮೇಲೆ ಹೇಳಿದ, ಗೋಪುರಗಳ ಅಡಿಪಾಯಕ್ಕೆ ನದಿಯ ನೀರು ಬಾರದಂತೆ ತಡೆಯುವ ಗೋಡೆಯೇ. ಅದೇನಾದರೂ ಬಿದ್ದಿದ್ದರೆ ಹಡ್ಸನ್ ನದಿಯ ನೀರು ಈ ಸುರಂಗಗಳ ಮೂಲಕ ನ್ಯೂಜೆರ್ಸಿಗೆ ಹೋಗಿ, ಅಲ್ಲಿಂದ ಪಾತ್‌ನ ಇನ್ನೊಂದು ಜೋಡಿ ಸುರಂಗ ಹಿಡಿದು ಮತ್ತೆ ಮ್ಯಾನ್‌ಹಟನ್‌ಗೇ ಬರುವ ಅಪಾಯವಿತ್ತು. ಅಪಾಯ ಕಳೆದ ಮೇಲೆ ಆ ಅಡ್ಡಗೋಡೆಗಳನ್ನು ಒಡೆದು ತೆಗೆದು, ಒಳಗೆಲ್ಲ ಹೊಸ ಹಳಿ, ಹೊಸ ಕೇಬಲ್ ಹಾಕಿದರು. ವರ್ಲ್ಡ್ ಟ್ರೇಡ್ ಸೆಂಟರ್‌ನ ತಾತ್ಕಾಲಿಕ ನಿಲ್ದಾಣ 2003ರ ನವೆಂಬರ್ 23ರಂದು ತೆರೆಯಿತು. ಅಂದು ಮೊದಲು ಬಂದದ್ದು ದಾಳಿಯ ದಿನ ಜನರನ್ನು ಹೊರಗೆ ಕರೆದೊಯ್ದ ಅದೇ ರೈಲು. ಇಂದು ನಮ್ಮವರೂ ಸೇರಿ ಸಾವಿರಾರು ಜನ ಅದೇ ಸುರಂಗಗಳಲ್ಲಿ ಕೆಲಸಕ್ಕೆ ಹೋಗಿಬರುತ್ತಾರೆ. ಮುಚ್ಚಿಡಲು ಅಲ್ಲಿ ಏನೂ ಉಳಿದಿಲ್ಲ.

## ಸ್ಯಾಂಡಿಯ ಲೆಕ್ಕ ಮತ್ತು ರಿಪೇರಿ

ಒಬ್ರು ಏಳು ಸುರಂಗ ಅಂತಾರೆ, ಇನ್ನೊಬ್ರು ಇನ್ನೊಂದು ಲೆಕ್ಕ ಹೇಳ್ತಾರೆ. ಯಾರೋ ಸುಳ್ಳು ಹೇಳ್ತಿರಬೇಕಲ್ಲ?

ಯಾರೂ ಸುಳ್ಳು ಹೇಳುತ್ತಿಲ್ಲ, ಎಣಿಸುವ ವಸ್ತು ಬೇರೆ. ಮರುದಿನ ಬೆಳಿಗ್ಗೆ ಎಂಟಿಎ ಹೇಳಿದ ಏಳು ಎಂಬುದು ಈಸ್ಟ್ ನದಿಯ ಅಡಿಯ ಸಬ್‌ವೇ ಸುರಂಗಗಳ ಲೆಕ್ಕ. ಜಿ ಮಾರ್ಗದ ಗ್ರೀನ್‌ಪಾಯಿಂಟ್ ಸುರಂಗ ನ್ಯೂಟೌನ್ ಕ್ರೀಕ್ ಎಂಬ ಹಳ್ಳದ ಅಡಿಯದು, ಅದನ್ನು ಬೇರೆ ಎಣಿಸಬೇಕು. ಪಾತ್ ಬೇರೆ ಸಂಸ್ಥೆ. ದೂರದ ರೈಲುಗಳ ಆಮ್‌ಟ್ರಾಕ್ ಇನ್ನೂ ಬೇರೆ: 1910ರಲ್ಲಿ ತೆರೆದ ಅದರ ಹಡ್ಸನ್ ಸುರಂಗದ ಎರಡೂ ಕೊಳವೆಗಳಿಗೆ, ಈಸ್ಟ್ ನದಿಯ ನಾಲ್ಕು ಕೊಳವೆಗಳಲ್ಲಿ ಎರಡಕ್ಕೆ ನೀರು ಬಂತು. ಇದಲ್ಲದೆ ಬ್ರೂಕ್ಲಿನ್–ಬ್ಯಾಟರಿ, ಕ್ವೀನ್ಸ್–ಮಿಡ್‌ಟೌನ್‌ನಂಥ ಕಾರು ಓಡುವ ರಸ್ತೆ ಸುರಂಗಗಳೂ ಮುಳುಗಿದವು. ಕಾರು ಸುರಂಗದ ಫೋಟೊ ಹಾಕಿ ರೈಲು ಸುರಂಗ ಎಂದು ಬರೆದ ಸಂದೇಶಗಳೂ ಇವೆ.

ನೀರಿನ ಪ್ರಮಾಣದಲ್ಲೂ ಇದೇ ಗೊಂದಲ. ಅಮೆರಿಕದವರು ಗ್ಯಾಲನ್ನಿನಲ್ಲಿ ಹೇಳುತ್ತಾರೆ, ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್. ಅತಿ ಹೆಚ್ಚು ನೀರು ತುಂಬಿದ ಮಾಂಟೆಗ್ಯೂ ಸುರಂಗದಲ್ಲಿ 2.7 ಕೋಟಿ ಗ್ಯಾಲನ್, ಅಂದರೆ ಸುಮಾರು 10 ಕೋಟಿ ಲೀಟರ್ ಇತ್ತು. ಎಲ್ ಮಾರ್ಗದ ಕನಾರ್ಸಿ ಸುರಂಗದಲ್ಲಿ 70 ಲಕ್ಷ ಗ್ಯಾಲನ್. ಗ್ಯಾಲನ್ನನ್ನು ಲೀಟರ್ ಎಂದು ಬರೆದುಬಿಟ್ಟರೆ ಲೆಕ್ಕ ಕಾಲು ಭಾಗಕ್ಕೆ ಇಳಿಯುತ್ತದೆ, ಉಲ್ಟಾ ಆದರೆ ನಾಲ್ಕು ಪಟ್ಟಾಗುತ್ತದೆ.

ವಾರಗಟ್ಟಲೆ ಸಬ್‌ವೇ ಇರಲ್ಲ ಅಂತ ಆ ರಾತ್ರಿನೇ ಸುದ್ದಿ ಬಂದಿತ್ತು. ನಿಜಕ್ಕೂ ಎಷ್ಟು ದಿನ ನಿಂತಿತ್ತು?

ಆ ವಾರವಿಡೀ ಸಬ್‌ವೇ ಓಡುವುದಿಲ್ಲ ಎಂಬ ಸಂದೇಶ ಟ್ವಿಟರ್‌ನಲ್ಲಿ ಹಬ್ಬಿತ್ತು. ನ್ಯೂಯಾರ್ಕ್ ಷೇರುಪೇಟೆಯ ಅಂಗಳದಲ್ಲಿ ಮೂರು ಅಡಿ ನೀರು ನಿಂತಿದೆ ಎಂಬುದೂ ಆ ರಾತ್ರಿಯದೇ. ಅದನ್ನು ಸಿಎನ್ಎನ್ ಕೂಡ ಹೇಳಿ ನಂತರ ತಿದ್ದಿಕೊಳ್ಳಬೇಕಾಯಿತು. ಎರಡೂ ಸುಳ್ಳು. ನವೆಂಬರ್ 1ರ ಗುರುವಾರವೇ ಸಬ್‌ವೇ ಭಾಗಶಃ ಶುರುವಾಯಿತು. ಎಲ್ ರೈಲು ನವೆಂಬರ್ 8ಕ್ಕೆ ಬಂತು. ಆರ್ ರೈಲು ಮಾಂಟೆಗ್ಯೂ ಸುರಂಗದಲ್ಲಿ ಓಡಲು ಡಿಸೆಂಬರ್ 21 ಆಯಿತು. ಸಮುದ್ರ ಸೀಳಿಹಾಕಿದ್ದ ರಾಕವೇ ಕಡೆಯ ಹಳಿ ಸರಿಯಾಗಲು 2013ರ ಮೇ 30ರವರೆಗೆ ಕಾಯಬೇಕಾಯಿತು.

ಮಳೆಯಿಲ್ಲದ ದಿನದಲ್ಲೂ ನ್ಯೂಯಾರ್ಕ್ ಸಬ್‌ವೇ ಸುಮಾರು 5 ಕೋಟಿ ಲೀಟರ್ ಬಸಿನೀರನ್ನು ಪಂಪ್ ಮಾಡಿ ಹೊರಹಾಕುತ್ತದೆ. ನೀರೆತ್ತಲೆಂದೇ ಅವರ ಬಳಿ ವಿಶೇಷ ಪಂಪ್ ರೈಲುಗಳಿವೆ. ಸ್ಯಾಂಡಿಯ ಸಮಯದಲ್ಲಿ ಸೇನೆಯ ಎಂಜಿನಿಯರುಗಳ ತಂಡವೂ ಕೈಜೋಡಿಸಿತು. ಎಂಟಿಎ ತಾನೇ ಮುಳುಗಿದ ನಿಲ್ದಾಣಗಳ ಫೋಟೊ, ವಿಡಿಯೊಗಳನ್ನು ದಿನದಿನವೂ ಹಾಕಿತು. ಓಡುವ ಮಾರ್ಗಗಳನ್ನಷ್ಟೇ ತೋರಿಸುವ ಹೊಸ ನಕ್ಷೆ ಬಿಡಿಸಿ ಕೊಟ್ಟಿತು. ನೂರು ಖಂಡನಾ ಹೇಳಿಕೆಗಿಂತ ಆ ನಕ್ಷೆ ಗಾಳಿಸುದ್ದಿಯನ್ನು ಹೆಚ್ಚು ತಡೆಯಿತು ಎಂಬುದು ನನ್ನ ನಂಬಿಕೆ.

ನೀರು ವಾರದಲ್ಲೇ ಹೋಯ್ತು ಅಂದ ಮೇಲೆ ರಿಪೇರಿ 2020ರ ತನಕ ಯಾಕೆ ನಡೀತು? ದುಡ್ಡು ಹೊಡೆಯೋ ದಾರಿ ಅಲ್ವಾ?

ಬಂದದ್ದು ಉಪ್ಪುನೀರು. ಎಲ್ಲ ಇದರ ಮೇಲೆಯೇ ನಿಂತಿದೆ. ಮಂಗಳೂರು, ಕಾರವಾರದವರಿಗೆ ಇದನ್ನು ವಿವರಿಸಬೇಕಿಲ್ಲ: ಕಡಲ ಗಾಳಿಗೇ ಕಿಟಕಿಯ ಸರಳು ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂದು ಅವರು ಕಂಡಿದ್ದಾರೆ. ಸುರಂಗದಲ್ಲಿ ಸಿಗ್ನಲ್ ಪೆಟ್ಟಿಗೆಗಳು, ರಿಲೇಗಳು, ವಿದ್ಯುತ್ ಕೇಬಲ್‌ಗಳು, ಪಂಪುಗಳು ಗಂಟೆಗಟ್ಟಲೆ ಸಮುದ್ರದ ನೀರಿನಲ್ಲೇ ಮುಳುಗಿದ್ದವು. ನೀರು ಹೋದರೂ ಉಪ್ಪು ಉಳಿಯಿತು. ಅದು ಗಾಳಿಯ ತೇವ ಹೀರಿಕೊಂಡು ಲೋಹವನ್ನು ತಿನ್ನುತ್ತಲೇ ಹೋಯಿತು. ಕಾಂಕ್ರೀಟಿನೊಳಕ್ಕೂ ಇಳಿಯಿತು. ಮೊದಲು ರೈಲು ಓಡುವಷ್ಟು ಸರಿಮಾಡಿ, ಆಮೇಲೆ ಒಂದೊಂದೇ ಸುರಂಗವನ್ನು ಸರದಿಯಲ್ಲಿ ಮುಚ್ಚಿ ಪೂರ್ತಿ ಬದಲಿಸಿದರು. ಒಟ್ಟಿಗೇ ಮುಚ್ಚಿದ್ದರೆ ಊರೇ ನಿಂತುಹೋಗುತ್ತಿತ್ತು. ಮಾಂಟೆಗ್ಯೂ 2013ರ ಆಗಸ್ಟ್‌ನಿಂದ 2014ರ ಸೆಪ್ಟೆಂಬರ್‌ವರೆಗೆ ಮುಚ್ಚಿತ್ತು.

ಖರ್ಚಿನ ಪ್ರಶ್ನೆ ಕೇಳುವುದು ತಪ್ಪಲ್ಲ. 50 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿ 2009ರಲ್ಲಿ ತೆರೆದ ಸೌತ್ ಫೆರಿ ನಿಲ್ದಾಣ ಮೂರೂವರೆ ವರ್ಷಕ್ಕೇ ಮುಳುಗಿತು. ಅದನ್ನು ಮತ್ತೆ ಕಟ್ಟಲು 30 ಕೋಟಿ ಡಾಲರ್‌ಗೂ ಹೆಚ್ಚು ಬೇಕಾಯಿತು, ತೆರೆದದ್ದು 2017ರ ಜೂನ್‌ನಲ್ಲಿ. ಕಡಲಂಚಿನಲ್ಲಿ ಅಷ್ಟು ಆಳಕ್ಕೆ ಕಟ್ಟುವಾಗ ನೀರಿನ ಯೋಚನೆ ಎಷ್ಟು ಮಾಡಿದ್ದಿರಿ ಎಂದು ಜನ ಕೇಳಲೇಬೇಕು. ಆದರೆ ‘ರಿಪೇರಿಯೇ ಬೇಕಿರಲಿಲ್ಲ’ ಎಂಬ ಮಾತಿನಲ್ಲಿ ಹುರುಳಿಲ್ಲ.

ಎಲ್ ರೈಲಿನ ಸುರಂಗ 15 ತಿಂಗಳು ಮುಚ್ತೀವಿ ಅಂದವರು ಕೊನೆಗೆ ಮುಚ್ಚಲೇ ಇಲ್ಲ. ಹಾಗಾದ್ರೆ ಹಾನಿಯ ಕಥೆನೇ ಸುಳ್ಳಲ್ವಾ?

ಹಾನಿ ನಿಜ, ಬದಲಾದದ್ದು ಸರಿಪಡಿಸುವ ವಿಧಾನ. 1924ರ ಕನಾರ್ಸಿ ಸುರಂಗದ ಎರಡೂ ಬದಿಯಲ್ಲಿ ಕಾಂಕ್ರೀಟಿನ ಉದ್ದನೆಯ ಕಟ್ಟೆಗಳಿದ್ದು, ಕೇಬಲ್‌ಗಳು ಅವುಗಳೊಳಗೆ ಹೋಗುತ್ತಿದ್ದವು. ಮೊದಲ ಯೋಜನೆಯಂತೆ ಆ ಕಟ್ಟೆಗಳನ್ನೆಲ್ಲ ಒಡೆದು ಹೊಸದಾಗಿ ಕಟ್ಟಬೇಕಿತ್ತು, ಅದಕ್ಕೆ 2019ರ ಏಪ್ರಿಲ್‌ನಿಂದ 15 ತಿಂಗಳು ಪೂರ್ತಿ ಬಂದ್. 2019ರ ಜನವರಿಯಲ್ಲಿ ಆಗಿನ ಗವರ್ನರ್ ಆಂಡ್ರ್ಯೂ ಕುಮೊ ಕೊಲಂಬಿಯಾ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಎಂಜಿನಿಯರಿಂಗ್ ತಜ್ಞರ ಸಲಹೆಯ ಮೇರೆಗೆ ಯೋಜನೆ ಬದಲಿಸಿದರು: ಹೊಸ ಕೇಬಲ್‌ಗಳನ್ನು ಗೋಡೆಗೆ ತೂಗುಹಾಕುವುದು, ತೀರಾ ಹಾಳಾದ ಕಟ್ಟೆಯನ್ನಷ್ಟೇ ಒಡೆಯುವುದು. ಕೆಲಸ ರಾತ್ರಿ ಮತ್ತು ವಾರಾಂತ್ಯಗಳಲ್ಲಿ ನಡೆದು 2020ರ ಏಪ್ರಿಲ್‌ನಲ್ಲಿ ಮುಗಿಯಿತು. ಇಷ್ಟು ತಡವಾಗಿ ಬದಲಿಸಿದ್ದಕ್ಕೆ ಟೀಕೆಯೂ ಬಂತು, ಅದು ನ್ಯಾಯವೇ.

ಸುರಂಗ ಮುಚ್ಚೋ ದೊಡ್ಡ ಬಲೂನು ಕಂಡುಹಿಡಿದಿದ್ದರಂತೆ. ಇಟ್ಕೊಂಡೂ ಬಳಸಲಿಲ್ಲ ಅನ್ನೋದು ನಿಜವೇ?

ಬಲೂನು ನಿಜ. ಅಮೆರಿಕದ ಗೃಹಭದ್ರತಾ ಇಲಾಖೆಯ ಹಣದಲ್ಲಿ ತಯಾರಾಗಿ, 2012ರ ಆರಂಭದಲ್ಲಿ ವೆಸ್ಟ್ ವರ್ಜೀನಿಯಾದ ಮಾರ್ಗನ್‌ಟೌನ್‌ನಲ್ಲಿ ಪರೀಕ್ಷೆಗೆ ಒಳಗಾಯಿತು. 32 ಅಡಿ ಉದ್ದ, 16 ಅಡಿ ಅಗಲ. ಊದಿದಾಗ ಸುರಂಗದ ಬಾಯಿಗೆ ಅಂಟಿ ಕೂರುವ ಬಟ್ಟೆಯ ಬಿರಡೆ ಅದು. ಆದರೆ ಸ್ಯಾಂಡಿಯ ಹೊತ್ತಿಗೆ ಅದು ಪ್ರಯೋಗದ ಹಂತದಲ್ಲಿತ್ತು. ನ್ಯೂಯಾರ್ಕಿನ ಯಾವ ಸುರಂಗದಲ್ಲೂ ಅಳವಡಿಸಿರಲಿಲ್ಲ, ಹಾಗಾಗಿ ‘ಇಟ್ಟುಕೊಂಡೂ ಬಳಸಲಿಲ್ಲ’ ಎಂಬುದು ಸರಿಯಲ್ಲ.

ಹೀಗಾಗುತ್ತೆ ಅಂತ ಮೊದಲೇ ಗೊತ್ತಿತ್ತು ಅಂತ ಹೇಳ್ತಾರೆ. ಅದು ಸುಮ್ನೆ ಹಿಂದಿನಿಂದ ಸೇರಿಸಿದ್ದಾ?

ಸೇರಿಸಿದ್ದಲ್ಲ, ನಿಜವಾಗಿ ಗೊತ್ತಿತ್ತು. 1992ರ ಡಿಸೆಂಬರ್‌ನ ಬಿರುಗಾಳಿಯಲ್ಲೇ ಹೋಬೋಕೆನ್ ಕಡೆ ಪಾತ್ ಮಾರ್ಗಕ್ಕೆ ನೀರು ನುಗ್ಗಿತ್ತು. 2011ರಲ್ಲಿ ನ್ಯೂಯಾರ್ಕ್ ರಾಜ್ಯಕ್ಕಾಗಿ ತಯಾರಾದ ಹವಾಮಾನ ವರದಿಯಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿ ಕ್ಲಾಸ್ ಜೇಕಬ್ ಮತ್ತವರ ಸಂಗಡಿಗರು ದೊಡ್ಡ ಉಬ್ಬರ ಬಂದರೆ ಸುರಂಗಗಳು ಸುಮಾರು 40 ನಿಮಿಷದಲ್ಲಿ ತುಂಬಬಹುದು ಎಂದು ಬರೆದಿದ್ದರು. ಮರುವರ್ಷವೇ ಸ್ಯಾಂಡಿ ಬಂತು. ಗಾಳಿಸುದ್ದಿಗಳ ನಡುವೆ ಇಂಥ ನಿಜವೂ ಹೂತುಹೋಗುತ್ತದೆ.

ಇದೇ ಸಾಲಿಗೆ ಸೇರುವ ಮತ್ತೊಂದು: ನ್ಯೂಜೆರ್ಸಿ ಟ್ರಾನ್ಸಿಟ್ ತನ್ನ ರೈಲುಗಳನ್ನು ಕಿಯರ್ನಿ ಮತ್ತು ಹೋಬೋಕೆನ್‌ನ ತಗ್ಗು ಯಾರ್ಡುಗಳಲ್ಲೇ ನಿಲ್ಲಿಸಿತ್ತು, 300ಕ್ಕೂ ಹೆಚ್ಚು ಎಂಜಿನ್ ಮತ್ತು ಬೋಗಿಗಳು ನೀರಿಗೆ ಸಿಕ್ಕವು. ಕೇಳಿದರೆ ಗಾಳಿಮಾತಿನಂತಿದೆ, ಆದರೆ ನಡೆದದ್ದೇ ಹಾಗೆ.

## ಇನ್ನೂ ಆಳದ ಪ್ರಶ್ನೆಗಳು

ಸ್ಯಾಂಡಿ ಆದ್ಮೇಲೆ ಅಷ್ಟೆಲ್ಲ ತಡೆ ಹಾಕಿದ್ರೆ 2021ರಲ್ಲಿ ಮತ್ತೆ ನಿಲ್ದಾಣದೊಳಗೆ ನೀರು ಸುರಿದದ್ದು ಹೇಗೆ?

ಸ್ಯಾಂಡಿಯ ನೀರು ಸಮುದ್ರದಿಂದ ಬಂತು, 2021ರ ಸೆಪ್ಟೆಂಬರ್ 1ರಂದು ಐಡಾ ಎಂಬ ಚಂಡಮಾರುತದ ನೀರು ಆಕಾಶದಿಂದ ಬಂತು. ಕಡಲಂಚಿನ ನಿಲ್ದಾಣಗಳಿಗೆ ಹಾಕಿದ ಬಾಗಿಲು, ಪರದೆಗಳು ಊರ ನಡುವೆ ಸುರಿಯುವ ಮಳೆಗೆ ಉಪಯೋಗಕ್ಕೆ ಬರುವುದಿಲ್ಲ. ಆ ರಾತ್ರಿ ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಯಲ್ಲಿ 3.15 ಇಂಚು, ಅಂದರೆ 80 ಮಿಲಿಮೀಟರ್ ಮಳೆಯಾಯಿತು. ನಗರದ ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ ಸುಮಾರು 1.75 ಇಂಚಿನ ಲೆಕ್ಕಕ್ಕೆ. ಮಿಕ್ಕ ನೀರು ಮೆಟ್ಟಿಲು, ಜಾಲರಿ ಹುಡುಕಿಕೊಂಡು ಇಳಿಯಿತು. 28ನೇ ಬೀದಿಯ ನಿಲ್ದಾಣದಲ್ಲಿ ನೀರು ಧುಮ್ಮಿಕ್ಕುವ ವಿಡಿಯೊ ನಿಜವಾದದ್ದೇ. ರೈಲುಗಳಲ್ಲಿ ಜನ ಗಂಟೆಗಟ್ಟಲೆ ಸಿಕ್ಕಿಕೊಂಡರು, ಆದರೆ ಸಬ್‌ವೇಯಲ್ಲಿ ಯಾರೂ ಸಾಯಲಿಲ್ಲ. ನಗರದಲ್ಲಿ ಸತ್ತ 13 ಜನರಲ್ಲಿ 11 ಮಂದಿ ನೆಲಮಾಳಿಗೆಯ ಮನೆಗಳಲ್ಲಿದ್ದವರು, ಬಾಡಿಗೆ ಕಡಿಮೆಯೆಂದು ಅಲ್ಲಿ ಇದ್ದವರೇ ಹೆಚ್ಚು.

ಸಾವಿನ ಲೆಕ್ಕವನ್ನ ಸರ್ಕಾರಗಳು ಮುಚ್ಚಿಡೋದೇ ಇಲ್ವಾ? ಹಾಗಿದ್ಮೇಲೆ ಅಧಿಕೃತ ಹೇಳಿಕೆ ಯಾಕೆ ನಂಬಬೇಕು?

ಮುಚ್ಚಿಟ್ಟ ಉದಾಹರಣೆ ಇದೆ, ಅದನ್ನು ಹೇಳದೆ ಈ ಉತ್ತರ ಪೂರ್ತಿಯಾಗದು. 2021ರ ಜುಲೈ 20ರಂದು ಚೀನಾದ ಝೆಂಗ್‌ಝೌ ನಗರದಲ್ಲಿ ಒಂದೇ ಗಂಟೆಯಲ್ಲಿ 201.9 ಮಿಲಿಮೀಟರ್ ಮಳೆ ಬಿತ್ತು. ರೈಲು ಡಿಪೋದ ಕಡೆಯ ತಡೆಗೋಡೆ ಒಡೆದು ಮೆಟ್ರೊದ 5ನೇ ಮಾರ್ಗದ ಸುರಂಗಕ್ಕೆ ನೀರು ನುಗ್ಗಿತು. ನಡುದಾರಿಯಲ್ಲಿ ನಿಂತ ರೈಲಿನಲ್ಲಿ ನೀರು ಎದೆಮಟ್ಟ ಮೀರಿ ಏರುತ್ತಿರುವ ವಿಡಿಯೊಗಳನ್ನು ಪ್ರಯಾಣಿಕರೇ ಹೊರಗೆ ಕಳಿಸಿದರು. ನೋಡಿದವರು ಎಷ್ಟೋ ಮಂದಿ ಇದು ಕಟ್ಟುಕಥೆ ಅಂದುಕೊಂಡರು. ಅವೆಲ್ಲ ನಿಜವಾಗಿದ್ದವು. ಮೊದಲು 12 ಎಂದ ಸಾವಿನ ಸಂಖ್ಯೆ 14ಕ್ಕೆ ಏರಿತು. ಅದೇ ಮಳೆಗೆ ಜಿಂಗ್‌ಗುವಾಂಗ್ ರಸ್ತೆ ಸುರಂಗದಲ್ಲಿ ಸಿಕ್ಕ ಕಾರುಗಳ ಬಗ್ಗೆ ಸಾವಿರಾರು ಹೆಣಗಳ ಕಥೆ ಹಬ್ಬಿತು, ಅಲ್ಲಿ ಸತ್ತವರೆಂದು ಲೆಕ್ಕಕ್ಕೆ ಸಿಕ್ಕವರು ಆರು ಮಂದಿ. ಮೆಟ್ರೊ ನಿಲ್ದಾಣದ ಬಾಗಿಲಲ್ಲಿ ಜನ ಇಟ್ಟ ಹೂಗಳಿಗೂ ಅಡ್ಡಗೋಡೆ ಕಟ್ಟಿ ಮರೆಮಾಡಿದಾಗ ಆ ಕಥೆಗಳಿಗೆ ಇನ್ನಷ್ಟು ಬಲ ಬಂತು.

2022ರ ಜನವರಿಯಲ್ಲಿ ಚೀನಾದ ಕೇಂದ್ರ ಸರ್ಕಾರದ ತನಿಖೆಯೇ ಸ್ಥಳೀಯ ಅಧಿಕಾರಿಗಳು ಆ ವಿಪತ್ತಿನ 139 ಸಾವು ಮತ್ತು ಕಣ್ಮರೆಗಳನ್ನು ಸಕಾಲಕ್ಕೆ ವರದಿ ಮಾಡದೆ ಮುಚ್ಚಿಟ್ಟಿದ್ದರೆಂದು ಹೇಳಿತು. ಝೆಂಗ್‌ಝೌ ನಗರದ ಒಟ್ಟು ಲೆಕ್ಕ 380. ಅಂದರೆ ಜನರ ಅನುಮಾನಕ್ಕೆ ಆಧಾರವಿತ್ತು, ಸಾವಿರಾರು ಎಂಬ ಕಥೆಗೆ ಇರಲಿಲ್ಲ. ಅಧಿಕೃತ ಹೇಳಿಕೆಯನ್ನು ಕಣ್ಣುಮುಚ್ಚಿ ನಂಬಿ ಎಂದು ನಾನು ಹೇಳುವುದಿಲ್ಲ. ಸಿಬ್ಬಂದಿ, ಪತ್ರಕರ್ತರು, ಸತ್ತವರ ಮನೆಯವರು, ಕೋರ್ಟು ಎಲ್ಲರಿಗೂ ಮಾತಾಡುವ ಅವಕಾಶವಿರುವ ಕಡೆ ಸಾವುಗಳನ್ನು ವರ್ಷಗಟ್ಟಲೆ ಬಚ್ಚಿಡುವುದು ಕಷ್ಟ. ಆ ಅವಕಾಶ ಇದೆಯೇ ಎಂದು ಮೊದಲು ನೋಡಿ.

ನಮ್ಮ ಮೆಟ್ರೊಗೂ ಹೀಗಾಗುತ್ತಾ? ಬೆಂಗಳೂರಲ್ಲಿ ಸುರಂಗ ಮುಳುಗಿರೋ ವಿಡಿಯೊ ಬಂದಿತ್ತಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಸ್ಯಾಂಡಿಯಂಥ ಕಡಲುಬ್ಬರ ಇಲ್ಲಿಗೆ ಬರಲಾರದು, ನಮ್ಮ ಮೆಟ್ರೊ ಯಾವ ನದಿಯ ಅಡಿಯಲ್ಲೂ ಹೋಗುವುದಿಲ್ಲ. ಭಾರತದಲ್ಲಿ ನದಿಯಡಿ ಹೋಗುವ ಮೆಟ್ರೊ ಕೋಲ್ಕತ್ತದ್ದು, ಹೂಗ್ಲಿಯ ಕೆಳಗೆ, 2024ರಲ್ಲಿ ಶುರುವಾಯಿತು. ನಮ್ಮ ಅಪಾಯ ಐಡಾ, ಝೆಂಗ್‌ಝೌ ಬಗೆಯದು: ರಾಜಕಾಲುವೆ ಒತ್ತುವರಿಯಾಗಿ, ಒಂದೇ ಗಂಟೆಯ ಮಳೆಗೆ ರಸ್ತೆಯೇ ಹೊಳೆಯಾಗುವುದು. ಹಾಗಾಗಿ ಕೇಳಬೇಕಾದ್ದು ನಿಲ್ದಾಣದ ಬಾಗಿಲು ರಸ್ತೆಗಿಂತ ಎಷ್ಟು ಮೆಟ್ಟಿಲು ಎತ್ತರದಲ್ಲಿದೆ, ಮಳೆ ಎಷ್ಟಾದರೆ ರೈಲು ನಿಲ್ಲಿಸುತ್ತಾರೆ, ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂದು.

ಸುರಂಗ ಎಂದು ಬರುವ ವಿಡಿಯೊಗಳಲ್ಲಿ ಅಂಡರ್‌ಪಾಸಿನವೇ ಹೆಚ್ಚು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಜೀವ ಕಳೆದುಕೊಂಡರು. ಅದು ರಸ್ತೆ, ಮೆಟ್ರೊ ಅಲ್ಲ. ಎರಡನ್ನೂ ಕಲೆಸಿದರೆ ಉತ್ತರ ಕೊಡಬೇಕಾದವರು ಯಾರು ಎಂಬುದೇ ಮಸುಕಾಗುತ್ತದೆ.

ಒಂದು ಸಂದೇಶ ಬಂದ ಕೂಡಲೇ ನಿಜವೋ ಸುಳ್ಳೋ ತಿಳಿಯೋಕೆ ನೀವೇನು ನೋಡ್ತೀರಿ?

ಯಾವ ಸುರಂಗ, ಯಾವ ನೀರು, ಯಾವ ದಿನ ಎಷ್ಟು ಹೊತ್ತಿಗೆ, ಆಗ ರೈಲು ಓಡುತ್ತಿತ್ತೇ. ಈ ನಾಲ್ಕಕ್ಕೂ ಹೆಸರಿಟ್ಟು ಉತ್ತರ ಹೇಳದ ಸಂದೇಶವನ್ನು ನಾನು ಮುಂದಕ್ಕೆ ಕಳಿಸುವುದಿಲ್ಲ. ಸುಳ್ಳು ಕಟ್ಟುವವರು ‘ನದಿಯಡಿಯ ಸುರಂಗ’, ‘ನೂರಾರು ಜನ’ ಎನ್ನುತ್ತಾರೆ. ಕಂಡವರು ‘ಹೋಬೋಕೆನ್ ನಿಲ್ದಾಣ, ಲಿಫ್ಟಿನ ಬಾಗಿಲು’ ಎನ್ನುತ್ತಾರೆ. ರೈಲು ಎಷ್ಟು ಹೊತ್ತಿಗೆ ನಿಂತಿತು ಎಂಬ ಒಂದೇ ವಿವರದಿಂದ ಸ್ಯಾಂಡಿಯ ಸಾವಿನ ಕಥೆ ಬಿದ್ದುಹೋಯಿತು. ಚಿತ್ರವಾದರೆ ಗೂಗಲ್‌ನಲ್ಲಿ ಆ ಚಿತ್ರವನ್ನೇ ಹಾಕಿ ಹುಡುಕಿ. ಹಳೆಯದಾಗಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಮಗಳು ಜರ್ಸಿ ಸಿಟಿಲಿ ಇದ್ದಾಳೆ, ದಿನಾ ಆ ರೈಲಲ್ಲೇ ಹೋಗೋದು. ಚಂಡಮಾರುತ ಅಂದ ಕೂಡ್ಲೇ ಫೋನೂ ಸಿಗಲ್ಲ. ನಾವು ಇಲ್ಲಿಂದ ಏನು ನೋಡಬೇಕು?

ಅಮ್ಮಾ, ಮೊದಲು ಸಮಯದ ಲೆಕ್ಕ ಇಟ್ಟುಕೊಳ್ಳಿ. ಬೇಸಿಗೆ ಸಮಯದಲ್ಲಿ ಅವರು ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ. ಸ್ಯಾಂಡಿಯ ನೀರು ತುತ್ತತುದಿ ಮುಟ್ಟಿದ್ದು ಅಲ್ಲಿಯ ರಾತ್ರಿ ಸುಮಾರು 9:24ಕ್ಕೆ. ನಮ್ಮಲ್ಲಿ ಆಗ ಮರುದಿನ ಬೆಳಿಗ್ಗೆ ಏಳಕ್ಕೆ ಸ್ವಲ್ಪ ಮೊದಲು, ಟಿವಿ ಹಾಕುವ ಹೊತ್ತು. ಅದೇ ರಾತ್ರಿ ಮ್ಯಾನ್‌ಹಟನ್‌ನ ಪೂರ್ವದಂಚಿನ ಒಂದು ವಿದ್ಯುತ್ ಉಪಕೇಂದ್ರಕ್ಕೆ ನೀರು ನುಗ್ಗಿ ಸ್ಫೋಟವಾಗಿ, ದಕ್ಷಿಣ ಭಾಗವೆಲ್ಲ ಕತ್ತಲಾಗಿತ್ತು. ಫೋನ್ ಸಿಗದಿದ್ದದ್ದು ಕರೆಂಟು ಇಲ್ಲದೆ. ಫೋನ್ ಸಿಗುತ್ತಿಲ್ಲ ಎಂದ ಮಾತ್ರಕ್ಕೆ ಆಪತ್ತಾಗಿದೆ ಎಂದು ಎಣಿಸಬೇಡಿ.

ಮಗಳ ರೈಲು ಪಾತ್ ಆಗಿದ್ದರೆ ಪೋರ್ಟ್ ಅಥಾರಿಟಿಯ ಪಾತ್ ಪುಟ ನೋಡಿ, ಸಬ್‌ವೇ ಆಗಿದ್ದರೆ ಎಂಟಿಎ ಪುಟ. ಬಿರುಗಾಳಿ, ಉಬ್ಬರದ ಎಚ್ಚರಿಕೆಗೆ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ನ್ಯೂಯಾರ್ಕ್ ಕಚೇರಿ. ರೈಲು ಯಾವಾಗ ನಿಲ್ಲಿಸುತ್ತಾರೆಂದು ಮುಂಚೆಯೇ ಪ್ರಕಟಿಸಿದ್ದರೆ ನೀರು ಬರುವಾಗ ಸುರಂಗ ಖಾಲಿಯಿರುತ್ತದೆ ಎಂದು ಧೈರ್ಯ ತಂದುಕೊಳ್ಳಬಹುದು. ದಿಢೀರ್ ಮಳೆಗೆ ಅಷ್ಟು ಮುನ್ಸೂಚನೆ ಸಿಗದು. ಅಂಥ ದಿನ ಕಚೇರಿಯಿಂದ ಹೊರಡದೆ ಮೇಲಿನ ಮಹಡಿಯಲ್ಲೇ ಕಾಯಲು ಅವಳಿಗೆ ಹೇಳಿ. ಮನೆ ನೆಲಮಾಳಿಗೆಯದಾಗಿದ್ದರೆ ರೈಲಿಗಿಂತ ಮೊದಲು ಅದರ ಬಗ್ಗೆ ವಿಚಾರಿಸಿ. ಕರೆಂಟು ಹೋಗುವ ಮೊದಲೇ ‘ಮನೆ ಸೇರಿದೆ’ ಎಂದು ಎರಡು ಪದ ಕಳಿಸುವ ಒಪ್ಪಂದ ಈಗಲೇ ಮಾಡಿಕೊಳ್ಳಿ. ಕರೆ ಹೋಗದಿದ್ದರೂ ಎಸ್ಎಂಎಸ್ ಎಷ್ಟೋ ಸಲ ತಲುಪುತ್ತದೆ.